ಮನೆಯೇ ಜೊತೆಗೆ ಬರುವಾಗ ಅವಸರ ಯಾಕೆ ಮಗಳೇ

ದಾವಣಗೆರೆ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ದೊಡ್ಡಮ್ಮನ ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನ ಆಯಿತು. ಈಗ ಚೆನ್ನಾಗಿ ಕಾಣುತ್ತಿದೆ ಅಂತ ಖುಷಿಯಲ್ಲಿದ್ದಾಳೆ. ನೀನು ಕಳಿಸಿದ ಟ್ರಿಪ್ಪಿನ ಪಟ್ಟಿಯನ್ನು ಅವಳೇ ನನಗೆ ಓದಿ ಹೇಳಿದಳು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಕೆಲಸದ ಗಡಿಬಿಡಿಯಲ್ಲಿ ಕೇಳಿಸಿಕೊಂಡಿದ್ದು ಸಂಜೆಗೆ ಮರೆತುಹೋಗುತ್ತೆ. ಕಾಗದ ಆದರೆ ಹೊರಡುವ ದಿನವೂ ಕೈಯಲ್ಲಿರುತ್ತೆ ಅಂತ ಬರೆಯುತ್ತಿದ್ದೇನೆ.

ಅಪ್ಪ, ಅಮ್ಮನನ್ನು ಕ್ಯಾರವಾನ್ ಗಾಡಿಯಲ್ಲಿ ಚಿಕ್ಕಮಗಳೂರಿನ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೀಯಲ್ಲ, ಅದು ನನಗೆ ತುಂಬಾ ಹಿಡಿಸಿತು. ನನ್ನ ತಮ್ಮ ಜೀವನದಲ್ಲಿ ಅಂಗಡಿ ಬಿಟ್ಟು ಎದ್ದವನಲ್ಲ. ನಿಮ್ಮಮ್ಮನಿಗೆ ಮೊಣಕಾಲು ನೋವು, ಬಸ್ ಹತ್ತಿ ಇಳಿಯೋದು ಕಷ್ಟ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಗಾಡಿಯಲ್ಲೇ ಇದ್ದರೆ ಅವಳಿಗೆ ಎಷ್ಟು ಅನುಕೂಲ ಅಲ್ವಾ. ಆದರೆ ಪಟ್ಟಿಯಲ್ಲಿ ಮೂರು ದಿನಕ್ಕೆ ಒಂಬತ್ತು ಜಾಗ ಇದೆ. ಕೆಮ್ಮಣ್ಣುಗುಂಡಿ, ಹೆಬ್ಬೆ ಫಾಲ್ಸ್, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಅಲ್ಲಿಂದ ಬೇಲೂರು, ಹಳೇಬೀಡು, ಕೊಟ್ಟಿಗೆಹಾರ, ಕಳಸ, ಹೊರನಾಡು. ನಾನು 31 ವರ್ಷ ಲಾರಿ ಓಡಿಸಿದವನು. ಲೋಡು ಇಳಿಸಿ ಮುಂದಿನ ಊರಿಗೆ ಓಡುವವರ ಪಟ್ಟಿ ಹೀಗಿರುತ್ತೆ. ಅಪ್ಪ, ಅಮ್ಮ ಸುಧಾರಿಸಿಕೊಳ್ಳಲಿ ಅಂತ ಕರೆದುಕೊಂಡು ಹೋಗುವವರ ಪಟ್ಟಿ ಅಲ್ಲ ಇದು.

ಇದರಲ್ಲಿ ಎರಡು ಜಾಗ ಮಾತ್ರ ಇಟ್ಟುಕೋ. ಕೆಮ್ಮಣ್ಣುಗುಂಡಿ ಕಡೆ ಒಂದು ರಾತ್ರಿ, ಚಿಕ್ಕಮಗಳೂರಿನ ಹತ್ತಿರ ಒಂದೇ ಕಡೆ ಎರಡು ರಾತ್ರಿ. ಉಳಿದದ್ದು ಇನ್ನೊಂದು ಸಲಕ್ಕೆ ಇರಲಿ.

ಇನ್ನೊಂದು ವಿಷಯ. ಆ ಪಟ್ಟಿಯಲ್ಲಿ ಯಾರು ಯಾವ ಹಾಸಿಗೆಯಲ್ಲಿ ಮಲಗಬೇಕು ಅಂತ ಚೆಂದಾಗಿ ಬರೆದಿದ್ದೀಯ. ಗಾಡಿ ಜೊತೆ ಬರುವ ಡ್ರೈವರ್ ಎಲ್ಲಿ ಮಲಗುತ್ತಾನೆ ಅಂತ ಬರೆದಿಲ್ಲ. ಬೇಕಂತ ಬಿಟ್ಟಿದ್ದೀಯ ಅಂತ ನಾನು ಹೇಳೋದಿಲ್ಲ, ಸಾಮಾನ್ಯವಾಗಿ ಯಾರಿಗೂ ಅದು ನೆನಪಾಗುವುದಿಲ್ಲ. ನಾನು ಎಷ್ಟೋ ಮದುವೆ ದಿಬ್ಬಣಕ್ಕೆ, ಎಷ್ಟೋ ಯಾತ್ರೆಗೆ ಬಾಡಿಗೆ ಗಾಡಿ ಓಡಿಸಿದ್ದೇನೆ. ಎಲ್ಲರೂ ಉಂಡು ರೂಮಿಗೆ ಹೋದ ಮೇಲೆ ಸ್ಟೇರಿಂಗ್ ಮೇಲೆ ತಲೆ ಇಟ್ಟು, ಸೊಳ್ಳೆ ಹೊಡೆಯುತ್ತಾ ರಾತ್ರಿ ಕಳೆದಿದ್ದೇನೆ. ಬೆಳಿಗ್ಗೆ ಐದಕ್ಕೆ ಬಂದು "ಹೊರಡೋಣ ಬನ್ನಿ" ಅನ್ನುತ್ತಾರೆ. ನಿದ್ದೆಯಿಲ್ಲದ ಕಣ್ಣಿಗೆ ಘಾಟಿಯ ತಿರುವು ಅರ್ಧ ಕ್ಷಣ ತಡವಾಗಿ ಕಾಣುತ್ತೆ. ಆ ಅರ್ಧ ಕ್ಷಣ ಎಂಥದ್ದು ಅಂತ ನನಗೆ ಗೊತ್ತು. ಬಾಡಿಗೆ ಗಾಡಿಯ ಡ್ರೈವರುಗಳಿಗೆ ಅಂತ 1961ರಲ್ಲೇ ಕಾನೂನು ಮಾಡಿದ್ದರು. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಆದ ಮೇಲೆ ಅರ್ಧ ಗಂಟೆಯಾದರೂ ವಿರಾಮ ಅಂತ ಅದರಲ್ಲಿತ್ತು. ಹೋಂಸ್ಟೇಯವರಿಗೆ ಮೊದಲೇ ಹೇಳಿ ಆ ಹುಡುಗನಿಗೆ ಒಂದು ಹಾಸಿಗೆ, ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟದ ವ್ಯವಸ್ಥೆ ಮಾಡಿಸು. ಕತ್ತಲಾದ ಮೇಲೆ ಗಾಡಿ ಎಬ್ಬಿಸಲೇಬೇಡಿ. ಆಚೆ ಭದ್ರಾ ಹುಲಿ ಅಭಯಾರಣ್ಯದ ಕಾಡು. ಕಾಡುಕೋಣ, ಆನೆ ರಸ್ತೆಗೆ ಬರುತ್ತವೆ, ಮಂಜು ಬೇರೆ ಇಳಿಯುತ್ತೆ. ಸಂಜೆ ಐದಕ್ಕೆಲ್ಲ ಗಾಡಿ ಒಂದು ಕಡೆ ನಿಂತುಬಿಡಲಿ.

ತಾರೀಕನ್ನೂ ಬದಲಾಯಿಸು. ಜನವರಿ ತಿಂಗಳು ಒಳ್ಳೆಯದೇ. ಮಳೆ ಇರಲ್ಲ, ಇಂಬಳದ ಕಾಟ ಇರಲ್ಲ, ಗುಡ್ಡ ಕುಸಿಯುವ ಭಯ ಇರಲ್ಲ. ಆದರೆ ಗಣರಾಜ್ಯೋತ್ಸವದ ರಜೆ ಸೇರಿಸಿಕೊಂಡಿದ್ದೀಯ. ಆ ರಜೆಗೆ ಬೆಂಗಳೂರೇ ಎದ್ದು ಬಂದಂಗೆ ಬೆಟ್ಟ ತುಂಬುತ್ತೆ. ಮಗುವಿಗೆ ಇನ್ನೂ ಯುಕೆಜಿ, ಎರಡು ದಿನ ಶಾಲೆ ತಪ್ಪಿದರೆ ಏನೂ ಆಗಲ್ಲ. ಸೋಮವಾರ ಹೊರಟು ಗುರುವಾರ ಬನ್ನಿ.

ಗಾಡಿ ಭಾನುವಾರವೇ ಇಲ್ಲಿಗೆ ಬರಲಿ. ಆ ರಾತ್ರಿ ನಮ್ಮ ಮನೆ ಮುಂದೆ ನಿಲ್ಲಿಸಿ ಎಲ್ಲರೂ ಅದರಲ್ಲೇ ಮಲಗಿ ನೋಡಿ. ನಿಮ್ಮಮ್ಮನಿಗೆ ಮೆಟ್ಟಿಲು ಎತ್ತರ ಆಗುತ್ತಾ, ಬಚ್ಚಲಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯಾ, ಲೈಟು, ಪಂಪು, ಒಲೆ ಎಲ್ಲ ಸರಿಯಾಗಿ ನಡೆಯುತ್ತಾ, ಎಲ್ಲ ಇಲ್ಲೇ ಗೊತ್ತಾಗುತ್ತೆ. ಏನಾದರೂ ಕೈಕೊಟ್ಟರೆ ಇಲ್ಲಿ ಮೆಕ್ಯಾನಿಕ್ ಸಿಗುತ್ತಾನೆ, ಕಲ್ಲತ್ತಿಗಿರಿ ಕಾಡಿನಲ್ಲಿ ಎಲ್ಲಿಂದ ತರುವುದು?

ನೀರಿನ ಲೆಕ್ಕ ತಿಳಿದುಕೋ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. 100 ಲೀಟರ್ ಟ್ಯಾಂಕು ತುಂಬಿಸಿದರೆ ಒಂದು ಕ್ವಿಂಟಾಲ್ ಭಾರ ಹೊತ್ತು ಬೆಟ್ಟ ಹತ್ತಿದಂಗೆ. ಕುಡಿಯುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ಸಾಕಾಗುವಷ್ಟು ತುಂಬಿಸಿ, ಸ್ನಾನ ಹೋಂಸ್ಟೇಯಲ್ಲಿ ಮಾಡಿ. ಭಾರದ ಸಾಮಾನೆಲ್ಲ ಕೆಳಗಿರಲಿ, ಮೇಲಿನ ಕಪಾಟಿನಲ್ಲಿ ಹೊದಿಕೆ, ಬಟ್ಟೆ ಮಾತ್ರ. ಮೇಲೆ ಭಾರ ಆದರೆ ತಿರುವಿನಲ್ಲಿ ಗಾಡಿ ವಾಲುತ್ತೆ. ಕೊಳೆ ನೀರಿನ ಟ್ಯಾಂಕನ್ನು ಎಲ್ಲಿ ಖಾಲಿ ಮಾಡಬೇಕು ಅಂತ ಬಾಡಿಗೆ ಕೊಡುವವರನ್ನು ಈಗಲೇ ಕೇಳು. ಹಳ್ಳಕ್ಕೋ ತೋಟಕ್ಕೋ ಬಿಟ್ಟುಬರಬೇಡ ಮಗಳೇ. ಭದ್ರಾ ಹೊಳೆಗೆ ನೀರು ಈ ಬೆಟ್ಟಗಳಿಂದಲೂ ಬರುತ್ತೆ, ನಮ್ಮ ಜಿಲ್ಲೆಯ ಗದ್ದೆಗೆ ಕಾಲುವೆಯಲ್ಲಿ ಬರುವುದು ಭದ್ರಾ ಡ್ಯಾಂ ನೀರೇ.

ಈಗ ನಿನಗೆ ಭಯವಾಗಲಿ ಅಂತಲೇ ಒಂದು ಮಾತು ಹೇಳುತ್ತೇನೆ. ಅಲ್ಲಿ ರಾತ್ರಿ ಚಳಿ ಜಾಸ್ತಿ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಕೆಮ್ಮಣ್ಣುಗುಂಡಿ 1,434, ಮುಳ್ಳಯ್ಯನಗಿರಿ 1,930. ಒಂದು ಸಾವಿರ ಮೀಟರ್ ಹತ್ತಿದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತೆ. ಚಳಿ ತಡೆಯದೆ ಯಾರಾದರೂ ಇದ್ದಿಲ ಒಲೆಯನ್ನು ಗಾಡಿ ಒಳಗೆ ಇಟ್ಟುಕೊಂಡು ಬಾಗಿಲು ಹಾಕಿದರೆ ಬೆಳಿಗ್ಗೆ ಏಳುವುದಿಲ್ಲ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಗ್ಯಾಸ್ ಒಲೆಯನ್ನೂ ಬೆಚ್ಚಗಾಗಲಿ ಅಂತ ಹಚ್ಚಿಡಬೇಡಿ. ಅಡುಗೆ ಮಾಡುವಾಗ ಕಿಟಕಿ ತೆಗೆದಿರಲಿ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತೆ. ಗಾಡಿಯ ತಳದಲ್ಲಿ ಅದಕ್ಕಂತಲೇ ತೂತು ಬಿಟ್ಟಿರುತ್ತಾರೆ. ಚಳಿಗಾಳಿ ಬರುತ್ತೆ ಅಂತ ಬಟ್ಟೆ ತುರುಕಿ ಮುಚ್ಚಬೇಡಿ. ಕಂಬಳಿ ನಾನು ಕೊಡುತ್ತೇನೆ, ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ನಾಲ್ಕಿವೆ.

ದಾರಿ ಹೀಗಿರಲಿ. ಇಲ್ಲಿಂದ ಹದಡಿ, ತ್ಯಾವಣಿಗೆ ಮೇಲೆ ಚನ್ನಗಿರಿ ಕಡೆ. ಸೂಳೆಕೆರೆ ಏರಿ ಹತ್ತಿರ ನಿಲ್ಲಿಸಿ ತಿಂಡಿ ತಿನ್ನಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೊಸರು ಬುತ್ತಿ ದೊಡ್ಡಮ್ಮ ಕಟ್ಟಿಕೊಡುತ್ತಾಳೆ. ಮೇಲೆ ಹೋದ ಹಾಗೆ ನೀರು ಕಡಿಮೆ ಬಿಸಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ ಅಂತ ಗೋಳಾಡಬೇಡ, ಕುಕ್ಕರ್ ಇಟ್ಟುಕೋ. ತರೀಕೆರೆ ಹತ್ತಿರ ಅಮೃತಾಪುರದ ಅಮೃತೇಶ್ವರ ಗುಡಿ ಇದೆ. 1196ರಲ್ಲಿ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ್ದು. ಜನಜಂಗುಳಿ ಇರಲ್ಲ, ಮೆಟ್ಟಿಲು ಕಡಿಮೆ. ನಿಮ್ಮಮ್ಮ ಅಲ್ಲಿ ಕಂಬಗಳ ಮಧ್ಯೆ ಒಂದು ಗಂಟೆ ಸುಮ್ನೆ ಕೂತುಕೊಳ್ಳಲಿ. ಬೇಲೂರು ತಪ್ಪಿತು ಅನ್ನುವ ಬೇಜಾರು ಅಲ್ಲೇ ಹೋಗುತ್ತೆ.

ಆಮೇಲೆ ಲಿಂಗದಹಳ್ಳಿ, ಕಲ್ಲತ್ತಿಗಿರಿ, ಅಲ್ಲಿಂದ ಏರು. ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ತೋಟ ಇದೆ, ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬರುತ್ತಿದ್ದ ಜಾಗ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಈ ಗುಡ್ಡದಿಂದಲೇ. ನಿಮ್ಮಪ್ಪನಿಗೆ ಇಂಥದ್ದರಲ್ಲಿ ಆಸಕ್ತಿ, ಅವನಿಗೆ ಮಾತಾಡಲು ಬಿಡು. ಹೆಬ್ಬೆ ಫಾಲ್ಸ್‌ಗೆ ಜೀಪಿನಲ್ಲಿ ಹೋಗಿ ಮತ್ತೆ ನಡೆಯಬೇಕು. ನೀನೂ ಅಳಿಯಂದಿರೂ ಹೋಗಿಬನ್ನಿ, ದೊಡ್ಡವರು ತೋಟದಲ್ಲಿ ಬಿಸಿಲಿಗೆ ಕೂತಿರಲಿ. ಕೆಮ್ಮಣ್ಣುಗುಂಡಿಯಿಂದ ಬಾಬಾಬುಡನ್‌ಗಿರಿ ಕಡೆ ಒಳದಾರಿ ಇದೆ ಅಂತ ಫೋನಿನ ಮ್ಯಾಪು ತೋರಿಸುತ್ತೆ. ಆ ಕಿರಿದಾದ ರಸ್ತೆಗೆ ಈ ಗಾಡಿ ಇಳಿಸಬೇಡಿ. ಲಿಂಗದಹಳ್ಳಿಗೆ ವಾಪಸ್ ಇಳಿದು ಚಿಕ್ಕಮಗಳೂರಿಗೆ ಹೋಗಿ.

ಇಳಿಯುವ ವಿಷಯಕ್ಕೆ ಬಂದೆ, ಇದನ್ನು ಎರಡು ಸಲ ಓದು. 1994ರಲ್ಲಿ ಮೆಕ್ಕೆಜೋಳದ ಲೋಡು ಹಾಕಿಕೊಂಡು ಚಾರ್ಮಾಡಿ ಇಳಿಯುತ್ತಿದ್ದೆ. ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್‌ಗೆ ಹಾಕಿದೆ. ನಾಲ್ಕನೇ ತಿರುವಿಗೆ ಬ್ರೇಕ್ ಪೆಡಲ್ ಮೆತ್ತಗಾಯಿತು. ಐದನೆಯದಕ್ಕೆ ಸುಟ್ಟ ವಾಸನೆ. ಕ್ಲೀನರ್ ಹುಡುಗ ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಒಳಗಡೆಯ ಗುಡ್ಡಕ್ಕೆ ಲಾರಿಯನ್ನು ಒರೆಸಿಕೊಂಡು ಹೋಗಿ ನಿಲ್ಲಿಸಿದೆ. ಆ ಹುಡುಗನ ಕೈ ಮುರಿಯಿತು. ತಪ್ಪು ಪೂರ್ತಿ ನನ್ನದೇ. ಅವತ್ತಿನಿಂದ ನಾನು ಯಾವ ಗೇರಿನಲ್ಲಿ ಹತ್ತುತ್ತೇನೋ ಅದೇ ಗೇರಿನಲ್ಲಿ ಇಳಿಯುತ್ತೇನೆ. ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನರ್ ಕಾದು ಹಿಡಿಯುವುದಿಲ್ಲ. ಬ್ರೇಕ್ ಆಯಿಲ್ ಕುದಿಯಿತು ಅಂದರೆ ಪೆಡಲ್ ಸುಮ್ನೆ ಕೆಳಗೆ ಹೋಗುತ್ತೆ. ಅದಕ್ಕೇ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಇಳಿಸಬೇಕು. ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಅದು ನಿಯಮ. ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಅವಸರ ಬೇಡ. ಅಗಲ ಸಿಕ್ಕಲ್ಲಿ ಪಕ್ಕಕ್ಕೆ ನಿಂತು ಅವರನ್ನು ಮುಂದಕ್ಕೆ ಬಿಡಿ. ಅಳಿಯಂದಿರು ನಡುವೆ ಸ್ವಲ್ಪ ತಾವೇ ಓಡಿಸುತ್ತೇನೆ ಅಂದರೆ ಕಡೂರಿನ ಬಯಲು ರಸ್ತೆಯಲ್ಲಿ ಓಡಿಸಲಿ, ಅದೂ ಬಾಡಿಗೆ ಕೊಟ್ಟವರು ಒಪ್ಪಿದರೆ. ಘಾಟಿಯಲ್ಲಿ ಬೇಡ.

ಗಾಡಿ ಓಡುವಾಗ ಹಾಸಿಗೆ ಮೇಲೆ ಯಾರೂ ಮಲಗಬಾರದು, ಒಲೆ ಹತ್ತಿರ ಯಾರೂ ನಿಲ್ಲಬಾರದು. ಎಲ್ಲರೂ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡೇ ಇರಲಿ. ಮಗು ಹಠ ಮಾಡುತ್ತೆ. ಮಾಡಲಿ.

ಮುಳ್ಳಯ್ಯನಗಿರಿಗೂ ಬಾಬಾಬುಡನ್‌ಗಿರಿಗೂ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಹಚ್ಚಬೇಕು. ಬೆಳಗಿನ ಪಾಳಿಗೆ 600 ಗಾಡಿ, ಮಧ್ಯಾಹ್ನ 600. ನಿಮ್ಮ ಉದ್ದನೆ ಗಾಡಿಯನ್ನು ಅಲ್ಲಿಗೆ ಒಯ್ಯುವ ಯೋಚನೆಯೇ ಬಿಡಿ. ಅದು ತೋಟದ ಅಂಗಳದಲ್ಲೇ ನಿಂತಿರಲಿ, ಊರಿನ ಜೀಪು ಮಾಡಿಕೊಂಡು ಬೆಳಗಿನ ಪಾಳಿಯಲ್ಲಿ ಹೋಗಿಬನ್ನಿ. ಡ್ರೈವರ್ ಹುಡುಗನಿಗೂ ಅವತ್ತು ನಿದ್ದೆ ಆಗುತ್ತೆ. ಮುಳ್ಳಯ್ಯನಗಿರಿಯ ಮೇಲಿನ ಗದ್ದುಗೆಗೆ ನೂರಾರು ಮೆಟ್ಟಿಲು. ನಿಮ್ಮಮ್ಮನನ್ನು "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಅಂತ ಹತ್ತಿಸಬೇಡ. ದಾರಿಯಲ್ಲೇ ಸೀತಾಳಯ್ಯನಗಿರಿ ಸಿಗುತ್ತೆ, ಅಲ್ಲಿ ಕೈಮುಗಿದು ಕೂತರೂ ಬೆಟ್ಟವೆಲ್ಲ ಕಾಣುತ್ತೆ.

ರಾತ್ರಿ ಗಾಡಿ ನಿಲ್ಲಿಸಲು ಕಾಡಂಚು, ವ್ಯೂ ಪಾಯಿಂಟು, ರಸ್ತೆ ಬದಿ ಯಾವುದೂ ಬೇಡ. ದುಡ್ಡು ಕೊಟ್ಟು ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ. ಕರೆಂಟೂ ಸಿಗುತ್ತೆ, ಕಾವಲೂ ಇರುತ್ತೆ. ಜನವರಿಯಲ್ಲಿ ಕಾಫಿ ಕೊಯ್ಲು ನಡೆದಿರುತ್ತೆ, ಕಣದಲ್ಲಿ ಹಣ್ಣು ಹರವಿರುತ್ತಾರೆ. ಕಣದ ಮೇಲೆ ಚಕ್ರ ಹತ್ತಿಸಬೇಡಿ, ಅವರ ವರ್ಷದ ಅನ್ನ ಅದು. ಬೆಳಿಗ್ಗೆ ನಿಮ್ಮಪ್ಪನನ್ನು ಕಣದ ಹತ್ತಿರ ಒಂದು ಕುರ್ಚಿ ಹಾಕಿ ಕೂರಿಸು. ಬಾಬಾಬುಡನ್ ಯೆಮನ್ ದೇಶದಿಂದ ಏಳು ಬೀಜ ತಂದ ಕಥೆಯನ್ನು ಮಗುವಿಗೆ ಅವನೇ ಹೇಳುತ್ತಾನೆ. ಅವತ್ತು ಇಡೀ ದಿನ ಎಲ್ಲಿಗೂ ಹೋಗಬೇಡಿ. ದಿನ ದಂಡವಾಯಿತು ಅಂತ ಮಧ್ಯಾಹ್ನ ನಿನಗೇ ಅನಿಸುತ್ತೆ. ಆಗಲೂ ಗಾಡಿ ಎಬ್ಬಿಸಬೇಡ. ನಾನು ಆ ಬೆಟ್ಟಗಳ ಬುಡದಲ್ಲಿ ನೂರಾರು ಸಲ ಹಾದುಹೋಗಿದ್ದೇನೆ ಮಗಳೇ, ಒಂದು ಸಲವೂ ಇಂಜಿನ್ ಆರಿಸಿ ಕೂತು ನೋಡಲಿಲ್ಲ. ನಿಮ್ಮ ದೊಡ್ಡಮ್ಮ ಎಷ್ಟೋ ಸಲ ಕೇಳಿದ್ದಳು. ಮುಂದಿನ ಟ್ರಿಪ್ಪಿಗೆ ಅನ್ನುತ್ತಾ ಬಂದೆ.

ವಾಪಸ್ ಬರುವಾಗ ಕಡೂರು, ಹೊಸದುರ್ಗ, ಹೊಳಲ್ಕೆರೆ ಮೇಲೆ ಬನ್ನಿ. ಹೊಸದುರ್ಗದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಮಗುವಿಗೆ ತೋರಿಸಿ.

ಒಂದು ಕೆಲಸ ಮಾಡು. ಗಾಡಿಯ ಎತ್ತರ ಎಷ್ಟು ಅಡಿ ಅಂತ ಬಾಡಿಗೆಯವರನ್ನು ಕೇಳಿ ನನಗೆ ತಿಳಿಸು. ನಮ್ಮ ಓಣಿಯಲ್ಲಿ ಕೇಬಲ್ ತಂತಿ ಜೋತುಬಿದ್ದಿದೆ, ಬೇವಿನ ಕೊಂಬೆಯೂ ಬಗ್ಗಿದೆ. ಭಾನುವಾರದೊಳಗೆ ಎತ್ತಿ ಕಟ್ಟಿಸಿಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ