ಓತ್‌ರೀವ್‌ನಲ್ಲಿ ದಾರಿ ತೋರಿಸಿದ ಹಿರಿಯರಿಗೆ ಕೃತಜ್ಞತೆಗಳು

ಆಗ್ನೇಯ ಫ್ರಾನ್ಸಿನ ದ್ರೋಮ್ ಜಿಲ್ಲೆಯ ಓತ್‌ರೀವ್ ಎಂಬ ಪುಟ್ಟ ಗ್ರಾಮದಲ್ಲಿ, ಫ್ರೆಂಚ್ ಬಾರದೆ, ಒಬ್ಬ ಅಂಚೆಯವರು ಕಟ್ಟಿದ ಕಲ್ಲಿನ ಅರಮನೆಯ ಫಲಕವೊಂದರ ಮುಂದೆ ನಿಂತಿದ್ದ ನನ್ನನ್ನು ಕಂಡು ತಾವಾಗಿಯೇ ಬಳಿಗೆ ಬಂದು, ತಮಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದ ಹಿರಿಯ ಮಹಿಳೆಯ ಹೆಸರನ್ನು ನಾನು ಕೇಳದೆ ಬಂದೆ. ಅವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಆ ಊರಿನ ಅಂಚೆಯವರಾಗಿದ್ದ ಫರ್ದಿನಾಂ ಶೆವಾಲ್ 1879ರಲ್ಲಿ ಹಾದಿಯಲ್ಲಿ ಎಡವಿದ ಕಲ್ಲಿನ ವಿಚಿತ್ರ ಆಕಾರಕ್ಕೆ ಮನಸೋತರು. ದಿನವೂ ಸುಮಾರು 30 ಕಿಲೋಮೀಟರ್ ನಡೆದು ಕಾಗದ ಹಂಚುತ್ತಲೇ ಕಲ್ಲುಗಳನ್ನು ಮೊದಲು ಜೇಬಿನಲ್ಲಿ, ಆಮೇಲೆ ಬುಟ್ಟಿಯಲ್ಲಿ, ಕೊನೆಗೆ ಒಂಟಿಗಾಲಿಯ ತಳ್ಳುಗಾಡಿಯಲ್ಲಿ ತಂದು, ರಾತ್ರಿಗಳಲ್ಲಿ ದೀಪದ ಬೆಳಕಿನಲ್ಲಿ ದುಡಿದು, 33 ವರ್ಷಗಳಲ್ಲಿ ಒಬ್ಬರೇ 'ಆದರ್ಶ ಅರಮನೆ'ಯನ್ನು ಕಟ್ಟಿದರು. ಅದರ ಪಶ್ಚಿಮ ಮುಖದಲ್ಲಿ ಹಿಂದೂ ದೇವಾಲಯವೊಂದು ಇದೆಯೆಂದು ಆ ತಾಯಿ ಬೆರಳಿಟ್ಟು ತೋರಿಸಿದಾಗ ನನ್ನ ಕಣ್ಣು ತುಂಬಿತು. ಭಾರತವನ್ನು ಎಂದೂ ನೋಡದ ಮನುಷ್ಯ, ಸಚಿತ್ರ ಪತ್ರಿಕೆಗಳನ್ನೂ ಅಂಚೆಕಾರ್ಡುಗಳನ್ನೂ ನೋಡಿ ಕಲ್ಪಿಸಿಕೊಂಡದ್ದು ಅದು.

1969ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಈ ಅರಮನೆಗೆ ಐತಿಹಾಸಿಕ ಸ್ಮಾರಕದ ಮಾನ್ಯತೆ ಕೊಡಿಸಿದರು.

ಆ ತಾಯಿ ಅಷ್ಟಕ್ಕೇ ಬಿಡಲಿಲ್ಲ. ಅರಮನೆಯೊಳಗೇ ಸಮಾಧಿಯಾಗಲು ಅನುಮತಿ ದೊರೆಯದೆ, ಇಳಿವಯಸ್ಸಿನಲ್ಲಿ ಮತ್ತೆ 8 ವರ್ಷ ದುಡಿದು ಶೆವಾಲ್ 1922ರಲ್ಲಿ ಪೂರ್ಣಗೊಳಿಸಿದ ಗೋರಿಯನ್ನು ತೋರಿಸಲೆಂದು, ಊರ ಸ್ಮಶಾನದವರೆಗೂ ನನ್ನೊಡನೆ ನಿಧಾನವಾಗಿ ನಡೆದು ಬಂದರು. ಅವರಿಲ್ಲದಿದ್ದರೆ ನಾನು ಅದನ್ನು ನೋಡದೆಯೇ ಬಸ್ಸು ಹತ್ತುತ್ತಿದ್ದೆ. ಅಮ್ಮಾ, ನಿಮಗೆ ನನ್ನ ಹೃತ್ಪೂರ್ವಕ ನಮಸ್ಕಾರಗಳು.