ನೋತ್ರ್ ದಾಮ್ ಆಯ್ತು, ಬ್ರಿಟನಿಯ ಹಳ್ಳಿ ಚಾಪೆಲ್ ಬಗ್ಗೆನೂ ಸ್ವಲ್ಪ ಬರೀರಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಲಿ ಪ್ಯಾರಿಸ್ಸಿನ ದೊಡ್ಡ ಚರ್ಚು ನೋತ್ರ್ ದಾಮ್ ಬಗ್ಗೆ ಬಂದ ಲೇಖನ ಓದ್ದೆ. 2019ರ ಬೆಂಕಿ, ಆಮೇಲಿನ ರಿಪೇರಿ, 2024ರ ಡಿಸೆಂಬರಲ್ಲಿ ಮತ್ತೆ ಬಾಗಿಲು ತೆಗೆದಿದ್ದು ಎಲ್ಲಾ ಚೆನ್ನಾಗೇ ಬಂದಿದೆ, ತಕರಾರಿಲ್ಲ. ಆದ್ರೆ 2022ರಲ್ಲಿ ನೆಲ ಅಗೆದಾಗ ಸಿಕ್ಕಿದ ಬಣ್ಣದ ಕೆತ್ತನೆ ಕಲ್ಲುಗಳನ್ನ ಒಂದೇ ಲೈನಲ್ಲಿ ಮುಗಿಸಿಬಿಟ್ಟಿದ್ದೀರಿ, ಅವು ಏನು ಅಂತಾನೂ ಹೇಳಿಲ್ಲ.

ಅವು ಜ್ಯೂಬೆಯ ಚೂರುಗಳು. ಹಿಂದೆ ದೊಡ್ಡ ಚರ್ಚುಗಳಲ್ಲಿ ಜನ ನಿಲ್ಲೋ ಜಾಗಕ್ಕೂ ಪಾದ್ರಿಗಳು ಪೂಜೆ ಮಾಡೋ ಬಲಿಪೀಠದ ಕಡೆಗೂ ಮಧ್ಯೆ ಎತ್ತರದ ಕೆತ್ತನೆ ಗೋಡೆ ಇರ್ತಿತ್ತು, ಮೇಲೆ ಹತ್ತಿ ನಿಂತು ಬೈಬಲ್ ಓದೋಕೆ ಜಾಗ, ಅದೇ ಜ್ಯೂಬೆ. 16ನೇ ಶತಮಾನದಲ್ಲಿ ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಧರ್ಮಸಭೆ ಆದ್ಮೇಲೆ ಬಲಿಪೀಠದ ಮುಂದಿನ ಪೂಜೆ ಜನರ ಕಣ್ಣಿಗೆ ಕಾಣ್ಬೇಕು ಅನ್ನೋ ವಿಚಾರ ಜೋರಾಗಿ ಫ್ರಾನ್ಸಲ್ಲಿ ಇವನ್ನ ಒಂದೊಂದಾಗಿ ಕಿತ್ತು ಹಾಕಿದ್ರು. ನೋತ್ರ್ ದಾಮಿನದ್ದು 18ನೇ ಶತಮಾನದ ಶುರುವಲ್ಲಿ ಹೋಯ್ತು. ಈಗ ಪ್ಯಾರಿಸ್ಸಲ್ಲಿ ಉಳಿದಿರೋದು ಸೇಂಟ್ ಎಟಿಯೆನ್ ದ್ಯು ಮೋಂ ಚರ್ಚಲ್ಲಿ ಇರೋದೊಂದೇ.

ರಾಜಧಾನಿಲಿ ಚೂರು ಸಿಕ್ಕಿದ್ದಕ್ಕೆ ಅಷ್ಟು ಸುದ್ದಿ ಆಯ್ತಲ್ಲ, ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿಯ ಒಳನಾಡಲ್ಲಿ ಲೆ ಫಾವೆಟ್ ಅನ್ನೋ ಸಣ್ಣ ಊರಿನ ಹೊರಗೆ ಸೇಂಟ್ ಫಿಯಾಕ್ರ್ ಚಾಪೆಲ್ (ಸಣ್ಣ ಚರ್ಚು) ಇದೆ, ಅಲ್ಲಿ ಇಡೀ ಜ್ಯೂಬೆ ಹಾಗೇ ನಿಂತಿದೆ, ಅದೂ ಮರದ್ದು, ಬಣ್ಣದ ಸಮೇತ! 1480ರಲ್ಲಿ ಒಲಿವಿಯೆ ಲೆ ಲೊಯೆರ್ಗಾನ್ ಅನ್ನೋ ಕೆಲಸಗಾರ ಮಾಡಿದ್ದು, ಹೆಸರು ಇಸವಿ ಎರಡನ್ನೂ ಅದರ ಮೇಲೇ ಕೆತ್ತಿದ್ದಾರೆ. ಆಗ ಬ್ರಿಟನಿ ಫ್ರಾನ್ಸಿಗೆ ಸೇರೇ ಇರಲಿಲ್ಲ, ಸ್ವಂತ ಡ್ಯೂಕ್ ಇದ್ದ, ಸೇರಿದ್ದು 1532ರಲ್ಲಿ.

ಯುರೋಪಿನ ಹಳೇ ಚರ್ಚು ಅಂದ್ರೆ ಬರೀ ಗಂಭೀರ ಅಂತ ನಿಮ್ಮ ಲೇಖಕರು ಬರೆದಿದ್ದಾರೆ. ಇದನ್ನ ನೋಡಿದ್ರೆ ಆ ಮಾತು ವಾಪಸ್ ತಗೋತಾರೆ. ಜನರ ಕಡೆ ಮುಖದಲ್ಲಿ ಶಿಲುಬೆ ಮೇಲಿನ ಯೇಸು, ಆಚೀಚೆ ಇಬ್ಬರು ಕಳ್ಳರು, ಆದಾಮ ಹವ್ವ, ಮರಿಯಮ್ಮನಿಗೆ ಸುದ್ದಿ ತಂದ ದೇವದೂತ, ಅದೆಲ್ಲ ಸರಿ. ಹಿಂದಕ್ಕೆ ಹೋಗಿ ಬಲಿಪೀಠದ ಕಡೆಯಿಂದ ನೋಡಿದ್ರೆ ಬೇರೆನೇ ಲೋಕ, ಒಬ್ಬ ಮರದಿಂದ ಹಣ್ಣು ಕದೀತಿದ್ದಾನೆ, ಒಬ್ಬ ಕುಡಿದು ಕಕ್ತಿದ್ದಾನೆ, ಬಾಯಿಂದ ಬರ್ತಿರೋದು ನೋಡಿದ್ರೆ ನರಿ, ಒಂದು ಗಂಡು ಹೆಣ್ಣಿನ ಜೋಡಿ, ಸೋಮಾರಿತನಕ್ಕೆ ಒಬ್ಬ ವಾದ್ಯದೋನು (ವಾದ್ಯದೋರು ಏನು ಪಾಪ ಮಾಡಿದ್ರೋ). ಕೋಳಿಗಳಿಗೆ ಧರ್ಮೋಪದೇಶ ಮಾಡೋ ನರಿನೂ ಇದೆ. ಕಳ್ಳತನ, ಕುಡಿತ, ಕಾಮ, ಸೋಮಾರಿತನ ಎಲ್ಲಾ ಪಾದ್ರಿಗಳ ಕಣ್ಣೆದುರಿಗೆ ಬರೋ ಹಾಗೆ ಮಾಡಿರೋದು ಬೇಕಂತಲೇ ಮಾಡಿದ ಕೀಟಲೆ ಅಂತ ನನ್ನ ಅನಿಸಿಕೆ.

ಕಟ್ಟಡನೂ ಕಮ್ಮಿ ಇಲ್ಲ. 15ನೇ ಶತಮಾನದ ಗ್ರಾನೈಟ್ ಕೆಲಸ, ಊರಿನ ಒಡೆಯರಾಗಿದ್ದ ಬೂತ್ವಿಲ್ ಮನೆತನ ಕಟ್ಟಿಸಿದ್ದು. ಮುಂಭಾಗದ ಗೋಡೇನೇ ಮೇಲಕ್ಕೆ ಎದ್ದು ಗಂಟೆ ಗೋಪುರ ಆಗಿದೆ, ಪಕ್ಕದಲ್ಲಿ ಎರಡು ಸಣ್ಣ ಗೋಪುರ, ಮಧ್ಯೆ ದಾಟೋಕೆ ಕಲ್ಲಿನ ಕಾಲುಸೇತುವೆ. ಗಟ್ಟಿ ಕಲ್ಲಲ್ಲಿ ಇಷ್ಟು ಹಗುರಾಗಿ ಕಾಣೋ ಹಾಗೆ ಕಟ್ಟೋದು ಸುಮ್ನೆ ಮಾತಲ್ಲ. 16ನೇ ಶತಮಾನದ ಬಣ್ಣದ ಗಾಜಿನ ಕಿಟಕಿಗಳಿವೆ, ಒಂದರಲ್ಲಿ ಫಿಯಾಕ್ರನ ಕಥೆನೇ ಇದೆ. ಐರ್ಲೆಂಡಿಂದ ಬಂದ 7ನೇ ಶತಮಾನದ ಸನ್ಯಾಸಿ, ತೋಟಗಾರರ ಸಂತ.

ಅದೇ ಊರಲ್ಲಿ ಬಂಡೆ ಪಕ್ಕಕ್ಕೆ ಅಂಟಿಕೊಂಡ ಹಾಗೆ ಸೇಂಟ್ ಬಾರ್ಬ್ ಚಾಪೆಲ್ ಬೇರೆ ಇದೆ, 1489ರಲ್ಲಿ ಶುರುವಾಗಿದ್ದು, ಬೇಟೆಗೆ ಹೋದಾಗ ಸಿಡಿಲಿನಿಂದ ಬದುಕಿಕೊಂಡ ಒಬ್ಬ ಜಮೀನುದಾರ ಹರಕೆ ಹೊತ್ತು ಕಟ್ಟಿಸಿದ್ದು ಅಂತ ಕಥೆ. ಎರಡೂ ಒಂದೇ ದಿನದಲ್ಲಿ ಆರಾಮಾಗಿ ನೋಡ್ಬಹುದು.

ಫ್ರಾನ್ಸಲ್ಲಿ 1905ಕ್ಕಿಂತ ಹಳೇ ಊರ ಚರ್ಚುಗಳು ಸಾಮಾನ್ಯವಾಗಿ ಪಂಚಾಯಿತಿ ಆಸ್ತಿ, ಅಂದ್ರೆ ಮಾಡು ಸೋರಿದ್ರೆ ಸಣ್ಣ ಊರೇ ದುಡ್ಡು ಹೊಂದಿಸ್ಬೇಕು, ನೋತ್ರ್ ದಾಮಿಗೆ ಬಂದ ಹಾಗೆ ಕೋಟಿಗಟ್ಟಲೆ ದೇಣಿಗೆ ಹಳ್ಳಿಗೆ ಬರಲ್ಲ. ಅದನ್ನೂ ಬರೀರಿ. ಬರೆದಾಗ ಜ್ಯೂಬೆಯ ಮುಂದಿನ ಫೋಟೋ ಒಂದೇ ಹಾಕ್ಬೇಡಿ, ಹಿಂದಿನ ಕಡೇದೂ ದೊಡ್ಡದಾಗಿ ಹಾಕಿ, ಕಲರಲ್ಲೇ.

ಇಂತಿ,
ಪುರವಣಿಯ ಹಳೇ ಓದುಗ, ಮೈಸೂರು