ಹೋಟೆಲುಗಳಿಗೆ ಗ್ರೀಸ್ ಟ್ರ್ಯಾಪ್ ಕಡ್ಡಾಯವಾಗಲಿ

ಮಾನ್ಯರೇ,

ಉಡುಪಿಯ ಹೋಟೆಲುಗಳ ಅಡುಗೆಮನೆಯ ಎಣ್ಣೆ, ಜಿಡ್ಡು ನೇರವಾಗಿ ಒಳಚರಂಡಿಗೆ ಹೋಗುವುದು ನಿಲ್ಲಬೇಕು. ಅದಕ್ಕೆ ಗ್ರೀಸ್ ಟ್ರ್ಯಾಪ್, ಅಂದರೆ ಜಿಡ್ಡನ್ನು ತಡೆದು ಹಿಡಿಯುವ ತೊಟ್ಟಿ, ಕಡ್ಡಾಯವಾಗಬೇಕು. ಕಳೆದ ವಾರ ನಮ್ಮ ಓಣಿಯ ಮ್ಯಾನ್‌ಹೋಲ್ ಉಕ್ಕಿತು. ಕೆಲಸದವರು ಉದ್ದನೆಯ ಕೋಲು ಹಾಕಿ ಕೆದಕಿದಾಗ ಮೇಲೆ ಬಂದದ್ದು ಮಣ್ಣಲ್ಲ, ಸಾಬೂನಿನಂಥ ಬಿಳಿ ಮುದ್ದೆ. ಅದರಲ್ಲಿ ಅನ್ನದ ಅಗುಳು, ಕರಿಬೇವಿನ ಎಲೆ ಕೂಡ ಅಂಟಿಕೊಂಡಿದ್ದವು. ವಾಸನೆಯ ಮಾತು ಬೇಡ ಬಿಡಿ.

ಪಾತ್ರೆ ತೊಳೆದ ಬಿಸಿನೀರಿನೊಂದಿಗೆ ಇಳಿಯುವ ಜಿಡ್ಡು ಪೈಪಿನೊಳಗೆ ತಣ್ಣಗಾಗಿ ಗಟ್ಟಿಯಾಗುತ್ತದೆ. ದಿನವಿಡೀ ಗೋಳಿಬಜೆ, ಬನ್ಸ್ ಕರಿಯುವ ಊರು ನಮ್ಮದು. ಜಿಡ್ಡು ಜಾಸ್ತಿಯೇ ಇರುತ್ತದೆ ಅಲ್ವಾ? ಗ್ರೀಸ್ ಟ್ರ್ಯಾಪ್ ದೊಡ್ಡ ವಿದ್ಯೆಯೇನಲ್ಲ. ಕೊಳಕು ನೀರು ಚರಂಡಿಗೆ ಹೋಗುವ ಮೊದಲು ಒಂದು ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಎಣ್ಣೆ ಮೇಲೆ ತೇಲುತ್ತದೆ, ಅಗುಳು ತಳಕ್ಕೆ ಕೂರುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹರಿಯುತ್ತದೆ. ಸಣ್ಣ ಹೋಟೆಲಿಗೆ ಸಿಂಕಿನ ಕೆಳಗೆ ಇಡುವ ಪೆಟ್ಟಿಗೆಯೂ ಸಿಗುತ್ತದೆ. ಆದರೆ ತೊಟ್ಟಿಯ ಶೇ 25ರಷ್ಟು ಜಿಡ್ಡು, ಗಸಿ ತುಂಬುವಷ್ಟರಲ್ಲಿ ಬಳಿದು ತೆಗೆಯಬೇಕು. ಇಲ್ಲದಿದ್ದರೆ ಸುಮ್ನೆ ತೋರಿಕೆಗೆ ಇಟ್ಟಂತೆ. ಹಾಗೆಂದು ಕರಿದು ಉಳಿದ ಎಣ್ಣೆಯನ್ನು ಇದಕ್ಕೆ ಸುರಿಯುವಂತಿಲ್ಲ. ಅದನ್ನು ಬೇರೆ ಡಬ್ಬದಲ್ಲಿ ಕೂಡಿಟ್ಟು ಬಯೋಡೀಸೆಲ್ ತಯಾರಿಸುವವರಿಗೆ ಕೊಡಬಹುದು.

ನಗರಸಭೆಯವರು ಪ್ರತಿ ವರ್ಷ ಹೋಟೆಲುಗಳ ಪರವಾನಗಿ ನವೀಕರಿಸುವಾಗ ಟ್ರ್ಯಾಪ್ ಇದೆಯೇ ಎಂದು ಸ್ಥಳಕ್ಕೇ ಹೋಗಿ ಮುಚ್ಚಳ ತೆರೆದು ನೋಡಲಿ. ಯಾವ ದಿನ ಬಳಿದರು ಎಂದು ಬರೆದಿಡುವ ಪುಸ್ತಕವನ್ನೂ ಕೇಳಲಿ. ಸಣ್ಣ ಹೋಟೆಲಿನವರಿಗೆ ಮುಂದಿನ ಮಳೆಗಾಲದವರೆಗೆ ಸಮಯ ಕೊಡಲಿ.

– ಓದುಗ, ಉಡುಪಿ